ಇಳಿಯುವ ಲೆಕ್ಕ ಹಾಕಿ ರೇನಿಯರ್ ಹತ್ತಿದೆ

ಸಿಯಾಟಲ್‌ನಲ್ಲಿ ಮೋಡ ಸರಿದ ದಿನ ನಮ್ಮ ಬೀದಿಯ ತುದಿಗೇ ಮೌಂಟ್ ರೇನಿಯರ್ ಕಾಣುತ್ತದೆ. 4,392 ಮೀಟರ್ ಎತ್ತರ, ಮೈತುಂಬ ಹಿಮನದಿಗಳು. ಆರು ವರ್ಷ ನೋಡಿದ ಮೇಲೆ ಹತ್ತಲೇಬೇಕು ಅನ್ನಿಸಿತು. ಕುಮಾರ ಪರ್ವತ ಹತ್ತಿ ಅಭ್ಯಾಸವಿತ್ತು ನಿಜ. ಆದರೆ ಹಿಮದ ಬಿರುಕುಗಳ ನಡುವೆ ಹಗ್ಗ ಕಟ್ಟಿಕೊಂಡು ನಡೆದು ಗೊತ್ತಿರಲಿಲ್ಲ. ಹಾಗಾಗಿ ಗೈಡ್ ಬೇಕೇ ಬೇಕು ಅಂತ ಮೊದಲೇ ನಿರ್ಧರಿಸಿದೆ. ಜುಲೈ ತಿಂಗಳಿಗೆ ಹಿಂದಿನ ಅಕ್ಟೋಬರ್‌ನಲ್ಲೇ ಸೀಟು ಕಾದಿರಿಸಿದೆ. ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಕೊಡಲಿ), ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳಿನ ಚೌಕಟ್ಟು) ಬಳಸುವುದನ್ನು ಕಲಿಸಲು ಒಂದು ಪೂರ್ತಿ ದಿನ ಇಟ್ಟಿರುವ ನಾಲ್ಕು ದಿನದ ಟ್ರಿಪ್ಪನ್ನೇ ಆರಿಸಿಕೊಂಡೆ.

ಆಮೇಲೆ ಒಂದು ರಾತ್ರಿ ನಕ್ಷೆ ಹರಡಿಕೊಂಡು ಕೂತೆ. ಹತ್ತಲು ಶುರು ಮಾಡುವ ಜಾಗ ಪ್ಯಾರಡೈಸ್ ಸುಮಾರು 1,650 ಮೀಟರ್‌ನಲ್ಲಿದೆ, ದಾರಿಯಲ್ಲಿ ತಂಗುವ ಕ್ಯಾಂಪ್ ಮ್ಯೂರ್ 3,100ರಲ್ಲಿ. ಶಿಖರದ ದಿನ ಮ್ಯೂರ್‌ನಿಂದ ಹತ್ತುವುದು 1,300 ಮೀಟರ್. ಅದೇ ದಿನ ಪ್ಯಾರಡೈಸ್‌ವರೆಗೆ ಇಳಿಯುವುದು 2,700 ಮೀಟರ್! ಅಲ್ಲಿಯವರೆಗೆ ನಾನು ಹತ್ತುವುದನ್ನಷ್ಟೇ ಲೆಕ್ಕ ಹಾಕಿದ್ದೆ.

ಅಭ್ಯಾಸಕ್ಕೆ ಪ್ರತಿ ಶನಿವಾರ ಸಿಯಾಟಲ್ ಹತ್ತಿರದ ಮೌಂಟ್ ಸೈ ಬೆಟ್ಟಕ್ಕೆ ಹೋಗುತ್ತಿದ್ದೆ. ಬೆನ್ನಿನ ಚೀಲದಲ್ಲಿ ನೀರಿನ ಕ್ಯಾನುಗಳು, ಒಟ್ಟು 18 ಕಿಲೋ. ಮಂಡಿ ಉಳಿಯಲಿ ಅಂತ ಇಲ್ಲಿ ತುಂಬಾ ಜನ ಮೇಲೆ ಹೋಗಿ ನೀರು ಚೆಲ್ಲಿ ಇಳಿಯುತ್ತಾರೆ. ನಾನೂ ಮೊದಲು ಹಾಗೇ ಮಾಡಿದೆ. ಕೊನೆಯ ಎರಡು ತಿಂಗಳು ಮಾತ್ರ ಅರ್ಧ ನೀರು ಹಾಗೇ ಇಟ್ಟುಕೊಂಡು, ಸಣ್ಣ ಹೆಜ್ಜೆ ಹಾಕಿ ನಿಧಾನವಾಗಿ ಇಳಿದೆ. ತೊಡೆಗಳು ಉರಿದು ಹೋದವು. ಆದರೆ ಇಡೀ ತಯಾರಿಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ತಿಂಡಿಯನ್ನೂ ಅಲ್ಲೇ ಪರೀಕ್ಷೆ ಮಾಡಿದೆ. ಎನರ್ಜಿ ಬಾರ್ ಚಳಿಗೆ ಕಲ್ಲಾಗುತ್ತದೆ. ಚಿಕ್ಕಿಯೂ ಅಷ್ಟೇ. ಒಣಗಿದ ಬಾಯಿಗೆ ಹಿಡಿಸಿದ್ದು ಹುಣಸೆಹಣ್ಣಿನ ಮಿಠಾಯಿ ಮತ್ತು ತುಪ್ಪ ಹಾಕಿದ ಮೆತ್ತನೆಯ ರವೆ ಉಂಡೆ.

ಶಿಖರದ ರಾತ್ರಿ ಹನ್ನೆರಡೂವರೆಗೆ ಹೊರಟೆವು. ಹಿಮ ಗಟ್ಟಿಯಾಗಿರುವಾಗಲೇ ಹೋಗಿ ಬರಬೇಕು. ಬಿಸಿಲೇರಿದರೆ ಬಿರುಕುಗಳ ಮೇಲಿನ ಹಿಮದ ಸೇತುವೆಗಳು ಸಡಿಲವಾಗುತ್ತವೆ, ಮೇಲಿಂದ ಕಲ್ಲು ಬೀಳುತ್ತವೆ. ಮ್ಯೂರ್‌ನ ಮೇಲೆ ಹಿಮನದಿ ಸ್ವಲ್ಪ ಸಮತಟ್ಟಾಗುವ ಇಂಗ್ರಹಾಂ ಫ್ಲಾಟ್ಸ್‌ನಲ್ಲಿ ಗೈಡ್ ಒಬ್ಬೊಬ್ಬರ ಮುಖಕ್ಕೂ ಟಾರ್ಚ್ ಹಿಡಿದು, "ಹತ್ತೋದಕ್ಕಲ್ಲ, ಇಳಿಯೋದಕ್ಕೆ ಶಕ್ತಿ ಉಳಿಯುತ್ತಾ?" ಅಂತ ಕೇಳಿದರು. ನಮ್ಮ ಹಗ್ಗದಲ್ಲಿದ್ದ ಒಬ್ಬರು ಇಲ್ಲ ಅಂದರು. ಅವರನ್ನು ಇನ್ನೊಬ್ಬ ಗೈಡ್ ಕೆಳಗೆ ಕರೆದುಕೊಂಡು ಹೋದರು. ಹಾಗೆ ಹೇಳುವುದಕ್ಕೆ ಧೈರ್ಯ ಬೇಕು ಅಲ್ವಾ? ಆ ಉತ್ತರ ಮನೆಯಿಂದಲೇ ಯೋಚಿಸಿಕೊಂಡು ಹೋಗಬೇಕು ಅನ್ನುತ್ತೇನೆ.

ಶಿಖರದ ಕುಳಿಯ ಅಂಚಿಗೆ ಬಂದಾಗ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಾಗಿತ್ತು. ಬೆಟ್ಟದ ನೆರಳು ತ್ರಿಕೋನವಾಗಿ ಪಶ್ಚಿಮಕ್ಕೆ ಚಾಚಿತ್ತು. ಕಣ್ಣು ತುಂಬಿ ಬಂತು.

ಇಳಿಯುವಾಗ ಡಿಸಪಾಯಿಂಟ್‌ಮೆಂಟ್ ಕ್ಲೀವರ್ ಅನ್ನುವ ಬಂಡೆಯ ಏಣಿನ ಸಡಿಲ ಕಲ್ಲುಗಳ ಮೇಲೆ ಕ್ರ್ಯಾಂಪಾನ್ ಕರಕರ ಅನ್ನುತ್ತಿತ್ತು. ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟೆ. ಮಧ್ಯಾಹ್ನ ಮೂರೂವರೆಗೆ ಪ್ಯಾರಡೈಸ್‌ನಲ್ಲಿ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದೆ. ಮಂಡಿ ಎರಡೂ ನೋವಿಲ್ಲದೆ ಮಡಚುತ್ತಿದ್ದವು.