ಹೆಸ್ಟರ್‌ ಹೊಕ್ಕ ಕಾಡು: ಪಾಠ ಮಾಡುವ ನನ್ನ ಕ್ರಮ

ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಗೈಡುಗಳಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಎಡಗಡೆ ಊರು, ಕಟ್ಟುಪಾಡು; ಬಲಗಡೆ ಕಾಡು, ಬಿಡುಗಡೆ. ಪೂರ್ತಿ ಸುಳ್ಳೇನಲ್ಲ. ಆದರೆ ಅದನ್ನು ಮೊದಲೇ ಬರೆಸಿಬಿಟ್ಟರೆ ಕಾಡಿನಲ್ಲಿ ನಡೆಯುವ 16ರಿಂದ 19ರವರೆಗಿನ ಅಧ್ಯಾಯಗಳನ್ನು ಯಾರೂ ಓದುವುದಿಲ್ಲ. ಹಾಗಾಗಿ ನಾನು ಕೋಷ್ಟಕ ಮುಟ್ಟದೆ, ಪೆನ್ಸಿಲ್ ಹಿಡಿಸಿ ಪಾಠ ಶುರುಮಾಡುತ್ತೇನೆ.

ಪೀಠಿಕೆಗೆ ಹತ್ತು ನಿಮಿಷ ಸಾಕು. ಕಥೆ ನಡೆಯುವುದು 1640ರ ದಶಕದ ಬಾಸ್ಟನ್‌ನಲ್ಲಿ. ಗಂಡನಲ್ಲದವನಿಂದ ಪರ್ಲ್ ಎಂಬ ಮಗುವನ್ನು ಹೆತ್ತ ಹೆಸ್ಟರ್ ಎದೆಯ ಮೇಲೆ ಸದಾ ಕೆಂಪು ‘A’ ಅಕ್ಷರ ತೊಡಬೇಕೆಂಬುದು ಊರಿನ ಶಿಕ್ಷೆ; ಮಗುವಿನ ತಂದೆ ಊರಿನ ಪಾದ್ರಿಯೇ ಎಂಬುದು ಗುಟ್ಟು. ವಸಾಹತು ನೆಲೆಯೂರಿ ಹೆಚ್ಚು ಕಾಲವಾಗಿಲ್ಲ, ಊರಂಚಿಗೇ ಕಾಡು. ನಮ್ಮ ಹುಡುಗರಿಗೆ ಕಾಡೆಂದರೆ ವನವಾಸ, ಋಷ್ಯಾಶ್ರಮ, ಇಲ್ಲವೇ ಕುವೆಂಪು ಅವರ ಮಲೆನಾಡು. ಅಲ್ಲಿ ನೆಲೆಸಿದ್ದ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರಿಗೆ ಅದು ಸೈತಾನನ ಸೀಮೆ. ಅಲ್ಲಿ ‘ಕರಿಯ ಮನುಷ್ಯ’, ಅಂದರೆ ಸೈತಾನ, ತನ್ನ ಪುಸ್ತಕದಲ್ಲಿ ರಕ್ತದಿಂದ ಸಹಿ ಹಾಕಿಸಿಕೊಳ್ಳುತ್ತಾನೆಂಬ ನಂಬಿಕೆ. ಇದನ್ನು ಹೇಳದಿದ್ದರೆ ಪುಟ್ಟ ಪರ್ಲ್ ಕೇಳುವ ಪ್ರಶ್ನೆಗಳು ಬರೀ ಮಕ್ಕಳ ಮಾತಾಗಿಬಿಡುತ್ತವೆ.

ಮೊದಲ ಗುರುತು ಬೆಳಕಿಗೆ. 16ನೇ ಅಧ್ಯಾಯದಲ್ಲಿ ಬಿಸಿಲಿನ ತುಣುಕು ಪರ್ಲ್‌ಗೆ ಸಿಗುತ್ತದೆ, ಹೆಸ್ಟರ್ ಕೈಚಾಚಿದರೆ ಮಾಯವಾಗುತ್ತದೆ. ಪಾದ್ರಿ ಡಿಮ್ಸ್‌ಡೇಲ್‌ನನ್ನು ಅವಳು ಅವನ ಓದುಕೋಣೆಯಲ್ಲೇ ಏಕೆ ಕಾಣಲಿಲ್ಲ ಎಂಬುದಕ್ಕೂ ಕಾರಣ ಅಲ್ಲೇ ಇದೆ: ಗುರುತು ಮರೆಸಿಕೊಂಡಿರುವ ಅವಳ ಗಂಡ ಚಿಲ್ಲಿಂಗ್‌ವರ್ತ್ ಅಡ್ಡಬಂದಾನೆಂಬ ಅಂಜಿಕೆ ಒಂದು; ಮಾತಾಡುವಾಗ ಇಬ್ಬರಿಗೂ ಉಸಿರಾಡಲು ಇಡೀ ಜಗತ್ತೇ ಬೇಕು ಎಂಬುದು ಇನ್ನೊಂದು. ಬಿಡುಗಡೆಯ ಬಗ್ಗೆ ಇಡೀ ಕಾದಂಬರಿಯಲ್ಲಿ ನನಗೆ ಅತಿ ನಿಖರವೆನಿಸುವ ಮಾತು ಇದು. ಆದರೂ ಉತ್ತರ ಪತ್ರಿಕೆಗಳಲ್ಲಿ ಕಾಣುವುದು ಅಪರೂಪ.

18ನೇ ಅಧ್ಯಾಯದಲ್ಲಿ ಕ್ರಿಯೆಗಳ ಅನುಕ್ರಮಕ್ಕೆ ನಂಬರು ಹಾಕಿಸುತ್ತೇನೆ. ಅಕ್ಷರದ ಕೊಂಡಿ ಬಿಚ್ಚಿ ಎಸೆಯುತ್ತಾಳೆ, ದೀರ್ಘವಾಗಿ ನಿಟ್ಟುಸಿರು ಬಿಡುತ್ತಾಳೆ, ಟೋಪಿ ತೆಗೆಯುತ್ತಾಳೆ, ಕೂದಲು ಹೆಗಲ ಮೇಲೆ ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಕೊನೆಗೆ ಬಿಸಿಲು. ಎರಡು ಕಡೆ ಅವಸರ ಕೂಡದು. ಒಂದು, ಅಕ್ಷರ ಬಿದ್ದ ಜಾಗ. ಅದು ಬಿದ್ದದ್ದು ತೊರೆಯ ಈಚೆ ದಡದಲ್ಲಿ. ಇನ್ನೊಂದು ಅಂಗೈ ಅಗಲದಷ್ಟು ಮುಂದೆ ಹೋಗಿದ್ದರೆ ನೀರಿಗೆ ಬಿದ್ದು ತೇಲಿಹೋಗುತ್ತಿತ್ತು. ಈ ವಾಕ್ಯವನ್ನು ಗಟ್ಟಿಯಾಗಿ ಓದಿಸಬೇಕು. ಇನ್ನೊಂದು, ಬಿಸಿಲು ಬಂದ ಮೇಲಿನ ನಿರೂಪಕನ ಮಾತು. ಪ್ರಕೃತಿ ಇವರ ಜೊತೆ ನಲಿಯಿತು ಎಂದವನೇ, ಈ ಕಾಡು ಪ್ರಕೃತಿ ಮನುಷ್ಯನ ಕಾನೂನಿಗೆ ಒಗ್ಗದ್ದು, ಮೇಲಿನ ಸತ್ಯದ ಬೆಳಕೂ ಕಾಣದ್ದು ಎಂದು ಸೇರಿಸುತ್ತಾನೆ. ಹೆಚ್ಚಿನವರು ಅಡಿಗೆರೆ ಎಳೆಯುವುದನ್ನು ‘ನಲಿಯಿತು’ ಎಂಬಲ್ಲಿಗೇ ನಿಲ್ಲಿಸುತ್ತಾರೆ. ಆಗ ಕೋಷ್ಟಕ ಗೆಲ್ಲುತ್ತದೆ, ಹಾಥಾರ್ನ್ ಸೋಲುತ್ತಾನೆ.

19ಕ್ಕೆ ಬೋರ್ಡಿನ ಮೇಲೆ ಚಿತ್ರ ಬೇಕೇ ಬೇಕು. ನಡುವೆ ತೊರೆಯ ಗೆರೆ, ಆಚೆ ಪರ್ಲ್, ಈಚೆ ಹಾವಸೆ ಕಟ್ಟಿದ ಮರದ ಬೊಡ್ಡೆಯ ಮೇಲೆ ಹೆಸ್ಟರ್ ಮತ್ತು ಪಾದ್ರಿ, ಈಚೆ ದಡದಲ್ಲೇ ಅಕ್ಷರ. ಪರ್ಲ್ ತಾಯಿಯ ಎದೆಯತ್ತ ಬೆರಳು ತೋರಿಸುತ್ತಾಳೆ, ನೀರಿನಲ್ಲಿ ಅವಳ ಬಿಂಬವೂ ಹಾಗೇ ತೋರಿಸುತ್ತದೆ. ಅಕ್ಷರ ತಂದುಕೊಡು ಅಂದರೆ ನೀನೇ ಬಂದು ಎತ್ತಿಕೋ ಅನ್ನುತ್ತಾಳೆ. ಹೆಸ್ಟರ್ ಅದನ್ನು ಮತ್ತೆ ಚುಚ್ಚಿಕೊಂಡು, ಕೂದಲು ಟೋಪಿಯೊಳಗೆ ಸೇರಿಸಿದ ಮೇಲೇ ಮಗು ದಾಟಿ ಬರುವುದು. ತಾಯಿಗೆ ಮುತ್ತು ಕೊಟ್ಟು ಅಕ್ಷರಕ್ಕೂ ಕೊಡುತ್ತದೆ. ಪಾದ್ರಿ ಕೊಟ್ಟ ಮುತ್ತನ್ನು ಮಾತ್ರ ತೊರೆಯಲ್ಲಿ ತೊಳೆದುಕೊಳ್ಳುತ್ತದೆ.

ಇಲ್ಲಿ ‘ಪರ್ಲ್ ಸಮಾಜದ ಪ್ರತಿನಿಧಿ’ ಎಂದು ಬರೆಯುವವರು ಬಹಳ. ಊರಿನ ಮಕ್ಕಳು ಹತ್ತಿರ ಸೇರಿಸದ ಹುಡುಗಿ ಊರಿನ ಪರ ಹೇಗೆ ನಿಂತಾಳು? 6ನೇ ಅಧ್ಯಾಯಕ್ಕೆ ಕಳಿಸಬೇಕು: ಎಳೆಕೂಸಾಗಿದ್ದಾಗ ಪರ್ಲ್ ಮೊದಲು ಗಮನಿಸಿದ್ದೇ ಆ ಅಕ್ಷರವನ್ನು. ಅವಳಿಗೆ ಅದಿಲ್ಲದ ಹೆಸ್ಟರ್ ತಾಯಿಯೇ ಅಲ್ಲ. ಊರು ಹಾಕಿದ ಶಿಕ್ಷೆಯೇ ಈ ಮಗುವಿಗೆ ತಾಯಿಯ ಗುರುತಾಗಿದೆ. ಕಾಡಿಗೆ ಬಂದರೂ ಅದು ಅಳಿಸುವಂಥದ್ದಲ್ಲ.

ಪಾಠವನ್ನು 19ಕ್ಕೆ ಮುಗಿಸಬಾರದು. 18ರ ಆರಂಭದಲ್ಲೇ ನಿರೂಪಕ ಒಂದು ಅಂತರ ಹೇಳಿರುತ್ತಾನೆ: ಏಳು ವರ್ಷ ಬಹಿಷ್ಕೃತಳಾಗಿ ಹೆಸ್ಟರ್‌ಗೆ ಕಟ್ಟಳೆಯಿಲ್ಲದ ಯೋಚನೆ ರೂಢಿಯಾಗಿದೆ, ಪಾದ್ರಿ ಆ ಗೆರೆ ದಾಟಿದ್ದು ಒಮ್ಮೆ ಮಾತ್ರ. ಅದರ ಫಲ 20ರಲ್ಲಿ. ಕಾಡಿನಿಂದ ಮರಳುವ ದಾರಿಯಲ್ಲಿ ಸಿಕ್ಕ ಹಿರಿಯ ಡೀಕನ್ (ಚರ್ಚಿನ ಅಧಿಕಾರಿ), ಮುದಿ ವಿಧವೆ, ಎಳೆ ಹುಡುಗಿ, ಆಡುವ ಮಕ್ಕಳು, ಕುಡಿದ ನಾವಿಕ, ಒಬ್ಬೊಬ್ಬರ ಎದುರೂ ಅವನಿಗೆ ಕೆಟ್ಟದ್ದನ್ನೇ ಆಡುವ ಚಪಲ. ಐವರ ಹೆಸರಿನ ಮುಂದೆ ‘ಏನು ಹೇಳಹೊರಟ, ಏನು ಮಾಡಿದ’ ಎಂದು ಬರೆಸಿದರೆ ಸಾಕು, ವ್ಯಾಖ್ಯಾನ ತಾನಾಗಿ ಬರುತ್ತದೆ. ಆಮೇಲೆ ಸಿಗುವವಳು ಮಾಟಗಾತಿಯೆಂದು ಹೆಸರಾದ ಮಿಸ್ಟ್ರೆಸ್ ಹಿಬಿನ್ಸ್. ಇತಿಹಾಸದ ಆ್ಯನ್ ಹಿಬಿನ್ಸ್‌ಳನ್ನು ಮಾಟಗಾತಿಯೆಂದು 1656ರಲ್ಲಿ ಬಾಸ್ಟನ್‌ನಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿ ಪಾದ್ರಿಯನ್ನು ಅವಳು ತನ್ನ ಕಡೆಯವನೆಂದೇ ಮಾತಾಡಿಸುತ್ತಾಳೆ.

ಸಮಯವಿದ್ದರೆ ಹಾಥಾರ್ನನದೇ 1835ರ ಕಥೆ ‘ಯಂಗ್ ಗುಡ್‌ಮನ್ ಬ್ರೌನ್’ ಜೊತೆಗಿಡುತ್ತೇನೆ. ಅಲ್ಲಿ ಅಮೆರಿಕದ ಸೇಲಂ ಊರಿನ ಡೀಕನ್, ಧರ್ಮಪಾಠ ಕಲಿಸಿದ ಮುದುಕಿ ಎಲ್ಲರೂ ರಾತ್ರಿ ಕಾಡಿಗೆ ಹೊರಟಂತೆ ಕಾಣುತ್ತದೆ. ಊರೇ ಅಲ್ಲಿಗೆ ಬಂದಮೇಲೆ ಊರಿನಿಂದ ತಪ್ಪಿಸಿಕೊಳ್ಳುವುದೆಲ್ಲಿಗೆ? ಪರೀಕ್ಷೆಗೆ ‘ಕಾಡು ಸ್ವಾತಂತ್ರ್ಯದ ಸಂಕೇತ, ಚರ್ಚಿಸಿ’ ಎಂದು ಕೇಳುವುದಿಲ್ಲ. ತೊರೆಯ ಬಳಿ ಮೂವರಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು ಎಂದು ಕೇಳುತ್ತೇನೆ. ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ಪೀರಿಯಡ್ ಕಡಿಮೆ ಬಿದ್ದರೆ 17ನ್ನು ಬಾಯಲ್ಲಿ ಹೇಳಿ ಮುಗಿಸಬಹುದು. 20ನ್ನು ಮಾತ್ರ ಬಿಡುವಂತಿಲ್ಲ.