ಸಾಂಕ್ರಾಮಿಕದ ಕಾಲದಲ್ಲಿ ಮನೆಗೆಲಸದ ಮಹಿಳೆಯರು ಸಂಘಟಿತರಾಗುವ ಬಗೆ

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಬೆಂಗಳೂರಿನ ಮನೆಗೆಲಸದ ಮಹಿಳೆಯರ ಪಾಲಿಗೆ ಅಪಾರ್ಟ್‌ಮೆಂಟುಗಳ ಗೇಟು ಮುಚ್ಚಿತು. ನಿರ್ಬಂಧ ಸಡಿಲವಾದ ಮೇಲೂ ಹಲವೆಡೆ ನಿವಾಸಿಗಳ ಸಂಘಗಳು ಅವರನ್ನು ಒಳಗೆ ಬಿಡಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು, ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯ ಮೂಲಕ ಹಣ ಸಂದಿತು. ಮನೆಗೆಲಸದವರ ಹೆಸರು ಆ ಘೋಷಣೆಯಲ್ಲಿ ಇರಲಿಲ್ಲ. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಅವರಿಗೂ 2,000 ರೂಪಾಯಿ ದೊರೆಯಿತಾದರೂ, ಅದಕ್ಕೆ ಸೇವಾ ಸಿಂಧು ಜಾಲತಾಣದಲ್ಲಿ ದಾಖಲೆಗಳೊಂದಿಗೆ ಅರ್ಜಿ ಹಾಕಬೇಕಿತ್ತು. ಸಂಕಷ್ಟ ಎಲ್ಲರಿಗೂ ಒಂದೇ ಆದರೂ ಪರಿಹಾರ ಮೊದಲು ತಲುಪುವುದು ಪಟ್ಟಿಯಲ್ಲಿ ಇರುವವರಿಗೆ. ಆದುದರಿಂದ ಸಂಘಟನೆಯ ಕೆಲಸವನ್ನು ಧರಣಿಯಿಂದಲ್ಲ, ಒಂದು ನೋಟ್‌ಬುಕ್ಕಿನಿಂದ ಆರಂಭಿಸಬೇಕು.

ಒಂದು ಬೀದಿಯ ಅಥವಾ ಒಂದು ವಠಾರದ ಹತ್ತು ಹದಿನೈದು ಮಂದಿಯ ವಿವರ ಬರೆದುಕೊಂಡರೆ ಮೊದಲ ಹಂತಕ್ಕೆ ಸಾಕು. ಹೆಸರು, ಫೋನ್ ಸಂಖ್ಯೆ, ಎಷ್ಟು ಮನೆಗಳಲ್ಲಿ ಕೆಲಸ, ಪ್ರತಿ ಮನೆಯ ಸಂಬಳ, ಕೊನೆಯ ಸಂಬಳ ಕೈಸೇರಿದ ದಿನ, ರೇಷನ್ ಕಾರ್ಡು ಈ ಊರಿನದೋ ಹುಟ್ಟೂರಿನದೋ, ಬ್ಯಾಂಕ್ ಖಾತೆ ಯಾವ ಬಗೆಯದು, ಯಾರ ಹೆಸರಿನಲ್ಲಿದೆ ಎಂಬಿಷ್ಟನ್ನು ಕೇಳಬೇಕು. ಕೊನೆಯ ಪ್ರಶ್ನೆ ಚಿಕ್ಕದೆನಿಸಬಹುದು. ಆದರೆ 2020ರ ಏಪ್ರಿಲ್‌ನಿಂದ ಮೂರು ತಿಂಗಳು ಕೇಂದ್ರ ಸರ್ಕಾರ ಕೊಟ್ಟ ತಿಂಗಳಿಗೆ 500 ರೂಪಾಯಿ ಮಹಿಳೆಯರ ಜನ್ ಧನ್ ಖಾತೆಗಳಿಗೆ ಮಾತ್ರ ಬಂದಿತ್ತು, ಬೇರೆ ಬಗೆಯ ಖಾತೆ ಇದ್ದವರಿಗೆ ಬರಲಿಲ್ಲ. ಆಧಾರ್ ಸಂಖ್ಯೆಯನ್ನು ಈ ನೋಟ್‌ಬುಕ್ಕಿನಲ್ಲಿ ಬರೆಯಬಾರದು. ಸಾಲದ ವಿಷಯವನ್ನು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಗಂಡನಿಗೆ ತಿಳಿಯದಂತೆ ಮಾಡಿದ ಕೈಸಾಲವನ್ನು ಗುಂಪಿನಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ.

ಸಭೆ ಸೇರಲು ಅನುಮತಿ ಇಲ್ಲದ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಯ ಸಾಲು, ನೀರಿನ ನಲ್ಲಿಯ ಹತ್ತಿರದ ಅರ್ಧ ಗಂಟೆ ಮತ್ತು ವಾಟ್ಸ್ಆ್ಯಪ್ ಧ್ವನಿ ಸಂದೇಶಗಳೇ ಸಭೆಯ ಜಾಗವನ್ನು ತುಂಬಬೇಕಾಗುತ್ತದೆ. ಬರೆದ ಸಂದೇಶಕ್ಕಿಂತ ಧ್ವನಿ ಸಂದೇಶ ಮೇಲು. ಓದಲು ಬಾರದವರನ್ನೂ ಅದು ಮುಟ್ಟುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಕಲಬುರಗಿ, ರಾಯಚೂರು ಕಡೆಯವರ ಜೊತೆಗೆ ತಮಿಳು, ತೆಲುಗು, ಬಂಗಾಳಿ ಮಾತನಾಡುವವರೂ ಇರುವುದರಿಂದ, ಭಾಷೆಗೊಬ್ಬ ಹೊಣೆಗಾರ್ತಿಯನ್ನು ಗುರುತಿಸದಿದ್ದರೆ ಸಂಘವು ಒಂದೇ ಭಾಷೆಯವರ ಗುಂಪಾಗಿ ಉಳಿಯುತ್ತದೆ.

ಸಂಬಳದ ಬೇಡಿಕೆಯನ್ನು ಇಡುವ ಕ್ರಮ ಇಲ್ಲಿ ಬೇರೆ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದಾಗ ಅವರೆದುರು ಸರ್ಕಾರವೆಂಬ ಒಂದೇ ಕಕ್ಷಿ ಇತ್ತು. ಮನೆಗೆಲಸದವಳಿಗೆ ನಾಲ್ಕು ಮನೆ ಎಂದರೆ ನಾಲ್ವರು ಮಾಲೀಕರು, ಮತ್ತು ಆಕೆ ಕೆಲಸ ನಿಲ್ಲಿಸಿದರೆ ಮರುದಿನವೇ ಇನ್ನೊಬ್ಬರು ಆ ಮನೆಯ ಬಾಗಿಲಲ್ಲಿರುತ್ತಾರೆ. ಹೀಗಾಗಿ ಮಾತುಕತೆಯನ್ನು ಮನೆಯ ಮಟ್ಟದಿಂದ ಅಪಾರ್ಟ್‌ಮೆಂಟಿನ ಮಟ್ಟಕ್ಕೆ ಎತ್ತಬೇಕು. ಅಲ್ಲಿ ಕೆಲಸ ಮಾಡುವ ಎಲ್ಲರ ಪರವಾಗಿ ನಿವಾಸಿಗಳ ಸಂಘಕ್ಕೆ ಒಂದೇ ಪತ್ರ ಕೊಡಬೇಕು: ಗೇಟು ಮುಚ್ಚಿದ ದಿನಗಳ ಸಂಬಳ, ಕಾಯಿಲೆ ಬಿದ್ದವರನ್ನು ಕೆಲಸದಿಂದ ತೆಗೆಯದಿರುವುದು, ಪರೀಕ್ಷೆ ಮತ್ತು ಮಾಸ್ಕಿನ ನಿಯಮ ನಿವಾಸಿಗಳಿಗೂ ಕೆಲಸದವರಿಗೂ ಒಂದೇ ಆಗಿರುವುದು ಎಂಬ ಮೂರಕ್ಕಿಂತ ಹೆಚ್ಚು ಬೇಡಿಕೆ ಅದರಲ್ಲಿ ಬೇಡ. ಪತ್ರ ಕೊಡಲು ಹೋಗುವವರಲ್ಲಿ ಬೇರೆ ಅಪಾರ್ಟ್‌ಮೆಂಟಿನ ಇಬ್ಬರಾದರೂ ಇರಲಿ, ಮಾತನ್ನು ಅವರೇ ಆಡಲಿ. ತನ್ನದೇ ಮಾಲೀಕರ ಎದುರು ಒಂಟಿಯಾಗಿ ನಿಂತವಳ ಕೆಲಸ ಮೊದಲು ಹೋಗುತ್ತದೆ. "ಸಹಾಯ ಮಾಡಿ" ಎಂದು ಕೇಳಕೂಡದು, "ಸಂಬಳ ಕೊಡಿ" ಎಂದೇ ಕೇಳಬೇಕು. ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲೇ ನಿಗದಿ ಮಾಡಿದ ರಾಜ್ಯ ಎಂಬುದನ್ನು ಪತ್ರದಲ್ಲಿ ಒಂದು ಸಾಲಾಗಿ ಸೇರಿಸಿದರೆ ದನಿಗೆ ಬಲ ಬರುತ್ತದೆ. ಪೂರ್ತಿ ಸಂಬಳಕ್ಕೆ ಒಪ್ಪದ ಮನೆಗಳಿಂದ ಅರ್ಧ ಪಡೆದು, ಉಳಿದುದಕ್ಕೆ ದಿನಾಂಕ ಬರೆಸಿಕೊಳ್ಳುವುದು ಸೋಲೇನಲ್ಲ.

ಸಂಬಳ ನಿಂತ ಮನೆಗೆ ಮುಂದಿನ ಪೆಟ್ಟು ಬೀಳುವುದು ಸಾಲದ ಕಂತಿನಿಂದ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ನೀಡಿ, ಅನಂತರ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಆದರೆ ಆ ಅವಧಿಯ ಬಡ್ಡಿ ಬೆಳೆಯುತ್ತಲೇ ಇತ್ತು. ಮುಂದೂಡಿಕೆಯನ್ನು ಮನ್ನಾ ಎಂದು ಯಾರಿಗೂ ಹೇಳಬೇಡಿ. ಆರು ತಿಂಗಳ ಬಳಿಕ ಬರುವ ಲೆಕ್ಕವನ್ನು ಮೊದಲೇ ಕೂಡಿಸಿ ತೋರಿಸಿ, ಆಮೇಲೆ ಅವರೇ ತೀರ್ಮಾನಿಸಲಿ. ಮೈಕ್ರೋಫೈನಾನ್ಸ್ ಕಂಪನಿಗಳು ಮಹಿಳೆಯರ ಗುಂಪಿಗೆ ಕೊಡುವ ಸಣ್ಣ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ ಬೀಳುವುದರಿಂದ, ಆ ಗುಂಪಿನ ಎಲ್ಲರೂ ಒಟ್ಟಿಗೆ ಸಹಿ ಮಾಡಿ ಕಂಪನಿಗೆ ಲಿಖಿತ ಮನವಿ ಕೊಡಬೇಕು. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನಗಳಂತೆ ಮೈಕ್ರೋಫೈನಾನ್ಸ್ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರನ್ನು ಕಾಡುವಂತಿಲ್ಲ. 2025ರಲ್ಲಿ ಬಲವಂತದ ವಸೂಲಿಯ ವಿರುದ್ಧ ರಾಜ್ಯವೂ ಕಾನೂನು ತಂದಿದೆ. ವಸೂಲಿಗೆ ಬಂದವರ ಹೆಸರು, ಸಮಯ, ಆಡಿದ ಮಾತನ್ನು ಅದೇ ದಿನ ಬರೆದಿಟ್ಟುಕೊಂಡವರ ದೂರಿಗಷ್ಟೇ ಠಾಣೆಯಲ್ಲಿ ತೂಕ.

ಸರ್ಕಾರಕ್ಕೆ ಕೊಡುವ ಮನವಿ ಒಂದು ಪುಟ ಮೀರದಿರಲಿ. ಅದಕ್ಕೆ ನೋಟ್‌ಬುಕ್ಕಿನಿಂದ ತೆಗೆದ ಪಟ್ಟಿಯನ್ನು ಲಗತ್ತಿಸಿ, ಕಾರ್ಮಿಕ ಇಲಾಖೆಯ ಕಚೇರಿಗೆ ಮತ್ತು ಶಾಸಕರಿಗೆ ಪ್ರತ್ಯೇಕ ಪ್ರತಿ ಕೊಟ್ಟು, ಮೊಹರು ಒತ್ತಿದ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. 2021ರ ಆಗಸ್ಟ್‌ನಲ್ಲಿ ಆರಂಭವಾದ, ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸುವ ಕೇಂದ್ರದ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದವರಿಗೆ ಉಚಿತ. ಸಾಂಕ್ರಾಮಿಕ ಇಲ್ಲದ ದಿನಗಳಲ್ಲೇ ಅದನ್ನು ಮುಗಿಸಿಟ್ಟುಕೊಂಡರೆ ಮುಂದೆ ಪ್ಯಾಕೇಜು ಬಂದಾಗ ಸೈಬರ್ ಸೆಂಟರಿನವನ ಮುಂದೆ ಕಾಯುವ ಪಾಡು ತಪ್ಪೀತು.

ಇನ್ನು ಸಂಘದ ನೋಂದಣಿ. ಕಾರ್ಮಿಕ ಸಂಘದ ಅರ್ಜಿಗೆ ಏಳು ಮಂದಿಯ ಸಹಿ ಬೇಕು ಎಂಬುದು ಸುಲಭದ ಭಾಗ. ಕಾರ್ಮಿಕ ಸಂಘಗಳ ನೋಂದಣಿಯನ್ನೂ ಒಳಗೊಂಡ ಕೇಂದ್ರದ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಗೃಹಸೇವೆಯನ್ನು ಉದ್ಯಮದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದು, ನೋಂದಣಿಗೆ ತೊಡಕಾಗಬಹುದಾದ್ದರಿಂದ, ಹೊಸ ಸಂಘಕ್ಕೆ ಅರ್ಜಿ ಹಾಕುವ ಮುನ್ನ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಬೇಕು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಈಗಾಗಲೇ ಇರುವ ಗೃಹಕಾರ್ಮಿಕರ ಸಂಘವೊಂದರ ಬಡಾವಣೆ ಶಾಖೆಯಾಗಿ ಸೇರಿಕೊಳ್ಳುವುದು ಒಳ್ಳೆಯದು. ಚಂದಾ ಎಷ್ಟೇ ಇರಲಿ, ರಸೀದಿ ಕೊಟ್ಟು, ಇಬ್ಬರು ಸದಸ್ಯೆಯರ ಜಂಟಿ ಸಹಿಯ ಖಾತೆಯಲ್ಲಿಡಬೇಕು, ಆ ಇಬ್ಬರೂ ಸ್ವತಃ ಮನೆಗೆಲಸ ಮಾಡುವವರೇ ಆಗಿರಬೇಕು.