ಬೊಂಬೆ ಕೂರಿಸಿದ ಮನೆಯಲ್ಲಿ ಊಟದ ಹೊತ್ತು

ಮಹಾಲಯ ಅಮಾವಾಸ್ಯೆಯ ತರ್ಪಣ ಮುಗಿದ ಮೇಲೆಯೇ ಬೊಂಬೆಗಳ ಟ್ರಂಕು ಅಟ್ಟದಿಂದ ಇಳಿಯಬೇಕು. ಮರುದಿನ ಪಾಡ್ಯದ ಬೆಳಿಗ್ಗೆ ಕಲಶ ಇಡುವ ಹೊತ್ತಿಗೆ ಪಟ್ಟದ ಬೊಂಬೆಗಳು ಮೆಟ್ಟಿಲೇರಿರಬೇಕು. ಮೈಸೂರಿನ ನಮ್ಮ ಮನೆಯ ಪದ್ಧತಿ ಇದು. ನಡುವೆ ಸಿಗುವುದು ಒಂದೇ ಸಂಜೆ. ಮದುವೆಯಾಗಿ ಬಂದ ಮೊದಲ ವರ್ಷಗಳಲ್ಲಿ ಆ ಒಂದು ಸಂಜೆಯಲ್ಲೇ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ಐದು ಮೆಟ್ಟಿಲು ತುಂಬಿಸಿ, ರಾತ್ರಿ ಒಂದು ಗಂಟೆಗೆ ಮಲಗಿ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದೆ. ಹಬ್ಬ ಶುರುವಾಗುವ ಮೊದಲೇ ದಣಿದಿರುತ್ತಿದ್ದೆ.

ಈಗ ಹಲಗೆಗಳು ಹಿಂದಿನ ಭಾನುವಾರವೇ ನಿಲ್ಲುತ್ತವೆ. ಪಕ್ಷಮಾಸದಲ್ಲಿ ಬೊಂಬೆ ತೆಗೆಯಬಾರದು, ಸರಿ. ಬರಿಯ ಹಲಗೆಗೆ ಏನು ಅಡ್ಡಿ ಎಂದು ಅತ್ತೆಯವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಲಗೆಗೆ ಯಾವ ಮಡಿಯಮ್ಮಾ, ನಿಲ್ಲಿಸು" ಎಂದರು. ಹೀಗೆ ಕೇಳುವ ಧೈರ್ಯ ಬರಲು ನನಗೆ ಆರು ವರ್ಷ ಬೇಕಾಯಿತು.

ಆ ಧೈರ್ಯ ಬಂದದ್ದು ಒಂದು ಕೆಟ್ಟ ಮಧ್ಯಾಹ್ನದಿಂದ. ನವರಾತ್ರಿಯ ಐದನೆಯ ದಿನ. ಆ ವರ್ಷ ಒಂಬತ್ತು ದಿನವೂ ಒಂದೊಂದು ಬಗೆಯ ನೈವೇದ್ಯ ಮಾಡುತ್ತೇನೆಂದು ಸಂಕಲ್ಪಿಸಿದ್ದೆ. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಸಜ್ಜಪ್ಪಕ್ಕೆ ಕಣಕ ಕಲಸಿ ಕುಳಿತಿದ್ದೆ. ಹೂರಣ ಸಡಿಲವಾಗಿತ್ತು, ಒಂದೊಂದೂ ಬಾಣಲೆಯಲ್ಲಿ ಒಡೆಯುತ್ತಿತ್ತು. ನೈವೇದ್ಯವಾಗದೆ ಅತ್ತೆಯವರು ಊಟ ಮಾಡುವವರಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ದಿನದ ಹೊತ್ತಿಗೆ ಸರಿಯಾಗಿ ನುಂಗಿದ್ದರು. ಎರಡು ಗಂಟೆಯ ಸುಮಾರಿಗೆ ಅಡುಗೆಮನೆಯಿಂದ ಹೊರಗೆ ಬಂದರೆ ಬೊಂಬೆಗಳ ಮುಂದಿನ ಮಣೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು, ಕರೆದರೆ ಉತ್ತರ ತೊದಲುತ್ತಿತ್ತು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾದವು. ಆಮೇಲೆ ಮೊಸರನ್ನ ತಿನ್ನಿಸಿದೆ, ದೇವರಿಗೆ ಇಡದೆಯೇ.

ಮಾತ್ರೆ ನುಂಗಿ ಊಟ ತಡವಾದರೆ ರಕ್ತದ ಸಕ್ಕರೆ ಕುಸಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಗಡಿಯಾರ ನೋಡಿರಲಿಲ್ಲ. ದೇವಿಯ ಮುಂದೆ ಕೈಮುಗಿದು ಅತ್ತದ್ದು ಆ ಸಂಜೆ.

ಅಂದಿನಿಂದ ದೊಡ್ಡ ನೈವೇದ್ಯ ಸಂಜೆಗೆ ಹೋಯಿತು. ಬೆಳಿಗ್ಗೆ ಏಳಕ್ಕೆ ಹಾಲು, ಬಾಳೆಹಣ್ಣು, ಬೆಲ್ಲದ ಚೂರು ಇಟ್ಟು ಮಂಗಳಾರತಿ ಮಾಡಿಬಿಡುತ್ತೇವೆ. ಅಲ್ಲಿಗೆ ಊಟಕ್ಕೆ ಯಾವ ತಡೆಯೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಅತ್ತೆಯವರ ತಟ್ಟೆ ಹಾಕಿರಬೇಕು. ನಾನು ಕಚೇರಿಯಲ್ಲಿದ್ದರೆ ಫೋನ್ ಮಾಡುತ್ತೇನೆ, "ಕೂತಿರಾ ಅತ್ತೆ?" ಎಂದು. ಸಂಜೆಗೆ ಉಸಲಿ: ಒಂದು ದಿನ ಕಡಲೆಕಾಳು, ಒಂದು ದಿನ ಹೆಸರುಕಾಳು, ಒಂದು ದಿನ ಅಲಸಂದೆ. ರಾತ್ರಿ ನೆನೆಹಾಕಿದ ಕಾಳು ಬೆಳಿಗ್ಗೆ ಕುಕ್ಕರಿನಲ್ಲಿ ಬೆಂದಿದ್ದರೆ, ಸಂಜೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಲು ಹತ್ತು ನಿಮಿಷ ಸಾಕು. ಸಜ್ಜಪ್ಪ ಈಗಲೂ ಮಾಡುತ್ತೇನೆ, ವಿಜಯದಶಮಿಯಂದು, ಮನೆ ತುಂಬ ಜನರಿರುವಾಗ, ಲಟ್ಟಿಸಲು ನಾಲ್ಕು ಕೈಗಳಿರುವಾಗ.

ನಂದಾದೀಪದ ವಿಷಯದಲ್ಲಿ ಮನಸ್ಸು ಒಪ್ಪಲು ಹೆಚ್ಚು ಕಷ್ಟವಾಯಿತು. ಒಂಬತ್ತು ದಿನ ಆರದ ದೀಪವೆಂದರೆ ನನಗೆ ಹಬ್ಬದ ಉಸಿರೇ ಅದು. ಆದರೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಹಗಲು ನಿದ್ದೆಗೆ ಜಾರುವ ವಯಸ್ಸಾದವರು, ಪಕ್ಕದಲ್ಲೇ ಬಟ್ಟೆ, ಕಾಗದ, ಮರದ ಬೊಂಬೆ. ನಮ್ಮ ಪುರೋಹಿತರನ್ನು ಕೇಳಿದೆ. ಒಂಬತ್ತು ದಿನದ ವ್ರತ ಆಗದವರು ಸರಸ್ವತಿ ಪೂಜೆಯಿಂದ ತ್ರಿರಾತ್ರ ಮಾಡಬಹುದು, ಅದೂ ಆಗದಿದ್ದರೆ ಒಂದೇ ದಿನ. ಶಾಸ್ತ್ರದಲ್ಲೇ ದಾರಿ ಇದೆ ಎಂದರು. ಈಗ ಮೊದಲ ದಿನಗಳಲ್ಲಿ ಎರಡು ಹೊತ್ತಿನ ದೀಪ. ಕಡೆಯ ದಿನಗಳಲ್ಲಿ, ಮನೆಯಲ್ಲಿ ಯಾರಾದರೂ ಎಚ್ಚರವಾಗಿರುವಾಗ, ಅಗಲವಾದ ಹಿತ್ತಾಳೆ ತಟ್ಟೆಯ ನಡುವೆ, ಗಾಜಿನ ಮರೆಯಲ್ಲಿ ನಂದಾದೀಪ. ಎರಡು ಹೊತ್ತಿನ ದೀಪ ಮಾತ್ರ ಯಾವ ಕಾರಣಕ್ಕೂ ತಪ್ಪುವುದಿಲ್ಲ. ನಾನು ಪೂಜೆಗೆ ಕೂರದ ದಿನಗಳಲ್ಲಿ ನಮ್ಮ ಮನೆಯವರು ಹಚ್ಚುತ್ತಾರೆ. ಹಾಗೆಯೇ ಅವರಿಗೆ ಕಲಶದ ನೀರು ಬದಲಿಸುವುದು, ನಿರ್ಮಾಲ್ಯ ತೆಗೆಯುವುದು ಎಲ್ಲವೂ ರೂಢಿಯಾಯಿತು. ಈಗ ನಾನಿದ್ದರೂ ಬೆಳಗಿನ ಪೂಜೆ ಅವರದೇ, ತಿಂಡಿ ಡಬ್ಬಿ ನನ್ನದು.

ಅರಿಶಿನ ಕುಂಕುಮಕ್ಕೆ ಕರೆಯುವುದು ಎರಡೇ ಸಂಜೆ. ಉಳಿದ ಸಂಜೆಗಳಲ್ಲಿ ಆರತಿ ಮುಗಿಸಿ ಮಗಳ ಪಾಠ, ನಾಳೆಯ ತರಕಾರಿ, ಒಣಗಿದ ಬಟ್ಟೆ ಮಡಚುವುದು. ಬೊಂಬೆ ನೋಡಲು ಬರುವ ಮಕ್ಕಳಿಗೆ ಮಾತ್ರ ಬಾಗಿಲು ಪ್ರತಿದಿನ ತೆರೆದಿರುತ್ತದೆ. ಬೊಂಬೆ ಬಾಗಿನಕ್ಕೆ ಹುರಿಗಡಲೆ, ಕೊಬ್ಬರಿ, ಸಕ್ಕರೆಯ ಪೊಟ್ಟಣಗಳನ್ನು ಅತ್ತೆಯವರು ಕೂತಲ್ಲೇ ಕಟ್ಟಿಡುತ್ತಾರೆ. ನೆಂಟರು ಬರುವುದು ಜಂಬೂ ಸವಾರಿಗೆ. ಅಂದು ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯಲ್ಲಿ ವಾಹನ ಹೋಗುವಂತಿಲ್ಲ. ಹಾಲು, ಹೂವು, ಔಷಧಿ ಹಿಂದಿನ ದಿನವೇ ಮನೆಯಲ್ಲಿರಬೇಕು.

2025ರಲ್ಲಿ ಸೆಪ್ಟೆಂಬರ್ 22ಕ್ಕೆ ಪಾಡ್ಯ, ತಿಥಿ ಬೆಳೆದು ಅಕ್ಟೋಬರ್ 2ಕ್ಕೆ ವಿಜಯದಶಮಿ. ದಸರಾ ಹನ್ನೊಂದು ದಿನವಾಯಿತು. ಆಯುಧಪೂಜೆ ಬಿದ್ದದ್ದು ಅಕ್ಟೋಬರ್ 1ಕ್ಕೆ, ಅರ್ಧವಾರ್ಷಿಕ ಲೆಕ್ಕ ಮುಗಿದ ಮರುದಿನ. ನನ್ನದು ಲೆಕ್ಕಪತ್ರದ ಕೆಲಸ. ಮಗಳು ಬೆಳಿಗ್ಗೆಯೇ ಮಿಕ್ಸಿ, ಈಳಿಗೆಮಣೆ, ಸ್ಕೂಟರಿನ ಕೀಲಿಯ ಜೊತೆ ನನ್ನ ಲ್ಯಾಪ್‌ಟಾಪನ್ನೂ ಇಟ್ಟು ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದ್ದಳು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ಹನ್ನೊಂದು ಗಂಟೆಗೆ ಕಚೇರಿಯಿಂದ ಕರೆ ಬಂತು, ಒಂದು ಪಟ್ಟಿಯನ್ನು ತಿದ್ದಿ ತಕ್ಷಣ ಕಳುಹಿಸಬೇಕಿತ್ತು. ನಾನು ದೇವರ ಮುಂದೆ ನಿಂತೇ ಇದ್ದೆ.

ಅತ್ತೆಯವರು ಹಿಂದಿನಿಂದ ಹೇಳಿದರು: "ಸೇವಂತಿಗೆಯನ್ನು ಪಕ್ಕಕ್ಕಿಟ್ಟು, ನಮಸ್ಕಾರ ಮಾಡಿ ತೆಗೆದುಕೋ. ಕೆಲಸ ಮುಗಿದ ಮೇಲೆ ಮತ್ತೆ ತಂದಿಡು. ಅನ್ನ ಕೊಡುವ ಆಯುಧವಮ್ಮಾ, ಕೆಲಸವಿದ್ದಾಗ ಕೆಲಸ ಮಾಡಿಸಿಕೊಳ್ಳದೆ ಇರುತ್ತದೆಯೇ?"

ನಲವತ್ತು ನಿಮಿಷದ ಕೆಲಸ. ಹೂವನ್ನು ಮತ್ತೆ ಮುಡಿಸಿ ಇಟ್ಟಾಗ ಕೀಲಿಮಣೆಯ ಮೇಲೆ ಕುಂಕುಮದ ಪುಡಿ ಉಳಿದಿತ್ತು. ನಾನು ಒರೆಸಲಿಲ್ಲ.

ವಿಜಯದಶಮಿಯ ರಾತ್ರಿ ನೆಂಟರು ಹೊರಟ ಮೇಲೆ ಪಟ್ಟದ ರಾಜ ರಾಣಿಯರನ್ನು ಮೆಟ್ಟಿಲ ಮೇಲೆಯೇ ಮಲಗಿಸುತ್ತೇವೆ. ನನ್ನ ತವರಿನಿಂದ ಮದುವೆಯಲ್ಲಿ ಕೊಟ್ಟ ಜೋಡಿ ಅದು. ಮಾರನೆಯ ದಿನ ಟ್ರಂಕಿಗೆ ಹಾಕುವ ಕೆಲಸ ಮಗಳದು. ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ ಒಣ ಬಟ್ಟೆ, ಮಣ್ಣಿನ ಬೊಂಬೆಗಳಿಗೆ ಮೆತ್ತನೆಯ ಬ್ರಷ್, ಯಾವುದಕ್ಕೂ ಒದ್ದೆ ಬಟ್ಟೆ ಇಲ್ಲ. ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಮಣ್ಣಿನವನ್ನು ಮೇಲೆ ಇಡುತ್ತಾಳೆ. ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ ಹಾಳೆಯಲ್ಲಿ ಮುಂದಿನ ವರ್ಷಕ್ಕೆ ನೆನಪಿರಬೇಕಾದುದನ್ನು ಬರೆದಿಡುವುದು ವಾಡಿಕೆ. ಈ ಸಲ ಅವಳು ಬರೆದದ್ದು: "ರಾಜನ ಪೇಟದ ಜರಿ ಬಿಚ್ಚಿದೆ, ಹೊಸದು ತರಬೇಕು. ಎರಡನೆಯ ಹಲಗೆ ಅಲುಗಾಡುತ್ತದೆ. ಅಜ್ಜಿಯ ಊಟ 1 ಗಂಟೆಗೆ."